ಬಟ್ಟಲಲ್ಲಿದ್ದ ಕಪ್ಪು ಹಾಳೆ

ರಾಣೆಬೆನ್ನೂರಿನ ಜಪಾನಿ ತಿಂಡಿ ಅಂಗಡಿಗೆ ಮೊಮ್ಮಗಳು ನನ್ನನ್ನು ಕರೆದೊಯ್ದಳು. ರಾಮೆನ್ ಎಂದರೆ ಸಾರಿನಲ್ಲಿ ಮುಳುಗಿಸಿದ ಶಾವಿಗೆ, ಅಷ್ಟೇ. ಎರಡು ತುತ್ತು ನುಂಗಿದ ಮೇಲೆ ಬಟ್ಟಲಿನ ಅಂಚಿನಲ್ಲಿದ್ದ ಕಪ್ಪು ಹಾಳೆ ಕಣ್ಣಿಗೆ ಬಿತ್ತು.

"ಇದೇನವಾ?"

"ಸಮುದ್ರದ್ದು ಅಜ್ಜಿ, ತಿನ್ನು."

ನನ್ನ ಕೈ ಕೊರಳಿನ ಲಿಂಗಕ್ಕೆ ಹೋಯಿತು. ಸಮುದ್ರದಲ್ಲಿ ಇರುವುದು ಮೀನು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಮೀನಿನ ತೊಗಲು ಅದ್ದಿದ ಸಾರು ಕುಡಿದಿದ್ದೆ. ನಾಳೆ ಪೂಜೆಗೆ ಲಿಂಗವನ್ನು ಯಾವ ಕೈಯಲ್ಲಿ ಹಿಡಿಯಲಿ? ಸೆರಗಿನಿಂದ ನಾಲಿಗೆಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡೆ.

ಮೊಮ್ಮಗಳು ಹೆದರಿ ಅಡುಗೆಯವನನ್ನೇ ಕರೆತಂದಳು.

"ಅದು ಸಮುದ್ರದ ಪಾಚಿರೀ ಅಮ್ಮಾರ. ಸಾರು ಅಣಬಿದು."

"ಐರಣಿ ಹೊಳಿ ದಂಡ್ಯಾಗ ಬೆಳದಾಕಿ ನಾನು. ಪಾಚಿ ಮ್ಯಾಲೆ ಜಾರಿ ಬಿದ್ದೇನಿ, ಅದನ್ನ ತಿಂದವರನ್ನ ನೋಡಿಲ್ಲ. ನಿಮ್ಮವ್ವನ ಆಣಿ ಮಾಡಿ ಹೇಳು."

"ನಮ್ಮವ್ವನ ಆಣಿರೀ. ಮೀನಿಲ್ಲ, ಎಲುಬಿಲ್ಲ."

ಆಣೆ ಕೇಳಿ ಉಸಿರು ಬಂತು. ಆದರೂ ಬಟ್ಟಲನ್ನು ಮೊಮ್ಮಗಳ ಕಡೆ ಸರಿಸಿದೆ. ಅವಳು ಅದನ್ನೂ ಮುಗಿಸಿದಳು.

ಮರುದಿನ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಅಡುಗೆಯವನ ಆಣೆ ನೆನಪಾಯಿತು. ಅವನ ಅವ್ವ ಬದುಕಿದ್ದಾಳೋ ಸತ್ತಿದ್ದಾಳೋ ಎಂದು ನಾನು ಕೇಳಿರಲಿಲ್ಲ. ಸತ್ತವಳ ಮೇಲೆ ಸುಳ್ಳು ಆಣೆ ಹಾಕುವುದಕ್ಕೆ ಯಾರಿಗೆ ಏನು ಭಯ?