ವೆಲ್ಷ್‌ನಲ್ಲೇ ಬರಬೇಕಿದ್ದ ದಂಡದ ಕಾಗದ

ನಮ್ಮ ಮನೆಯವರಿಗೆ ತಮ್ಮ ಕಾಗದ ಬರೆಯುವ ಕೈಯ ಬಗ್ಗೆ ಬಹಳ ಹೆಮ್ಮೆ. ಬಹರೈನಿನ ಹಿದ್‌ನಲ್ಲಿ, ಬಂದರಿನ ಹತ್ತಿರ, ಸರಕು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಅವರ ಕೆಲಸ. ಹಡಗಿನಿಂದ ಇಳಿದ ಕಂಟೇನರನ್ನು ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳದೆ ಅಲ್ಲೇ ನಿಲ್ಲಿಸಿದರೆ ದಿನದಿನಕ್ಕೂ ಬಾಡಿಗೆ ಏರುತ್ತದೆ. ಅದಕ್ಕೆ ಡೆಮರೇಜ್ ಎಂದು ಹೆಸರು. ಆ ಡೆಮರೇಜನ್ನು ಬೇಡಿ, ಕಾಡಿ, ಪುಸಲಾಯಿಸಿ ಮಾಫಿ ಮಾಡಿಸುವುದರಲ್ಲಿ ತಮ್ಮನ್ನು ಮೀರಿಸುವವರು ಈ ದ್ವೀಪದಲ್ಲೇ ಇಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ಕೇಳಿದ ಮೇಲೆ ನಾನೂ ಒಪ್ಪಿಕೊಂಡಿದ್ದೆ.

ನಾವಿದ್ದದ್ದು ಅದೇ ದ್ವೀಪದ ಟುಬ್ಲಿಯಲ್ಲಿ. ಕೆಳಗೆ ಗ್ಯಾರೇಜು, ಟಯರ್ ಅಂಗಡಿ, ಮೇಲೆ ಮನೆಗಳು. ಎದುರು ಫ್ಲ್ಯಾಟಿನಲ್ಲಿದ್ದವರು ವೇಲ್ಸ್‌ನಿಂದ ಬಂದ ಒಬ್ಬ ನರ್ಸ್. ನಾನು ಲ್ಯಾಬಿನಲ್ಲಿದ್ದ ಆಸ್ಪತ್ರೆಯಲ್ಲೇ ಅವರು ವಾರ್ಡಿನ ಹಿರಿಯ ಸಿಸ್ಟರ್. ಮೊದಲ ಸಲ ಮಾತಾಡಿದಾಗ ಅವರನ್ನು ಇಂಗ್ಲೆಂಡಿನವರು ಅಂದುಬಿಟ್ಟಿದ್ದೆ. ಮಂಗಳೂರಿನವರನ್ನು ಮದ್ರಾಸಿನವರು ಅಂದರೆ ಹೇಗೆ ಮುಖ ಮಾಡುತ್ತಾರೋ ಹಾಗೆ ಮುಖ ಮಾಡಿದ್ದರು. ಆಮೇಲೆ ನನ್ನ ಬಾಯಲ್ಲಿ ‘ಅವರು’ ಹೋಗಿ ‘ಅವಳು’ ಆಗುವಷ್ಟು ಗೆಳೆತನ ಗಟ್ಟಿಯಾಯಿತು.

ಈ ಪ್ರಸಂಗ ನಡೆದದ್ದು ಹಿದ್‌ನಲ್ಲಿ ಹೊಸ ಬಂದರು ಶುರುವಾಗಿ ಕೆಲವು ವರ್ಷಗಳಾದ ಮೇಲಿನ ಒಂದು ಚಳಿಗಾಲದಲ್ಲಿ. ಆ ವರ್ಷ ಸಿಸ್ಟರಿನ ತಾಯಿ ವೇಲ್ಸ್‌ನ ಚಳಿ ತಪ್ಪಿಸಿಕೊಳ್ಳಲು ಮಗಳ ಮನೆಗೆ ಬಂದರು. ವಿಸಿಟ್ ವೀಸಾ ಮಾಡಿಸಿಕೊಂಡು ಕುಂದಾಪುರದಿಂದ ನಮ್ಮ ಅತ್ತೆಯೂ ಬಂದರು. ಒಬ್ಬರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಇಷ್ಟವಿರಲಿಲ್ಲ. ಇನ್ನೊಬ್ಬರಿಗೆ ಇಷ್ಟವಿತ್ತು, ಬರುತ್ತಿರಲಿಲ್ಲ. ಇಬ್ಬರಿಗೂ ಸ್ನೇಹವಾದದ್ದು ಅತ್ತೆ ಊರಿನಿಂದ ಹೊತ್ತು ತಂದಿದ್ದ ದೋಸೆ ಕಾವಲಿಯ ಮುಂದೆ. ಅತ್ತೆ ನೀರುದೋಸೆ ಹೊಯ್ಯುವುದನ್ನು ಆ ವೇಲ್ಸ್‌ನ ಅಜ್ಜಿ ಕಣ್ಣಿಟ್ಟು ನೋಡಿದರು. ಮರುದಿನ ಹಿಟ್ಟು, ಬೆಣ್ಣೆ, ಒಣದ್ರಾಕ್ಷಿ ತಂದು ಅದೇ ಕಾವಲಿಯ ಮೇಲೆ ತಮ್ಮ ಊರಿನ ಬಿಸ್ಕತ್ತಿನಂಥ ರೊಟ್ಟಿ ಬೇಯಿಸಿದರು. ತಮ್ಮ ಕಾವಲಿಯನ್ನು ನನಗೂ ಮುಟ್ಟಲು ಬಿಡದ ಅತ್ತೆ ತಾವೇ ಎಣ್ಣೆ ಸವರಿ ಕೊಟ್ಟರು. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ತಪ್ಪಿಲ್ಲ.

ಅಜ್ಜಿಯ ದಂಡದ ಕತೆ ಹೊರಬಿದ್ದದ್ದು ಆ ರೊಟ್ಟಿ ತಿನ್ನುವಾಗಲೇ. ಅವರೂರಿನ ಕಡಲ ದಂಡೆಯಲ್ಲಿ ಖಾಸಗಿ ಕಂಪನಿಯೊಂದರ ಕಾರ್ ಪಾರ್ಕ್ ಇತ್ತು. ಅಲ್ಲಿ ಕಾರು ನಿಲ್ಲಿಸಿ ಅಜ್ಜಿ ಊರಿನ ಹೆಂಗಸರ ಜೊತೆ ಹಾಡಿನ ಅಭ್ಯಾಸಕ್ಕೆ ಹೋದರು. ಹಾಡು ಬೇಗನೆ ಮುಗಿಯಿತು, ಆದರೆ ಆಮೇಲಿನ ಹರಟೆ, ಪಟ್ಟಾಂಗ ಮುಗಿಯಲಿಲ್ಲ. ಹೊತ್ತು ಮೀರಿದ್ದನ್ನು ಕ್ಯಾಮೆರಾ ಹಿಡಿದಿತ್ತು, ಮನೆಗೆ ಕಾಗದ ಬಂತು. ತಪ್ಪು ತನ್ನದೇ, ಹಣ ಕಟ್ಟಲು ತಯಾರು ಎಂದು ಅಜ್ಜಿ ಯಾರು ಕೇಳಿದರೂ ಹೇಳುತ್ತಿದ್ದರು. ಆದರೆ ಕಾಗದ ಇಂಗ್ಲಿಷಿನಲ್ಲಿತ್ತು, ವೇಲ್ಸ್‌ನವರ ಸ್ವಂತ ಮಾತಾದ ವೆಲ್ಷ್‌ನಲ್ಲಿ ಇರಲಿಲ್ಲ. ಅವರು ಅದರ ಹಿಂಬದಿಯಲ್ಲಿ, ಇದನ್ನು ವೆಲ್ಷ್ ಭಾಷೆಯಲ್ಲಿ ಕಳಿಸಿ, ಅದೇ ದಿನ ಹಣ ಕಟ್ಟುತ್ತೇನೆ ಎಂದು ವೆಲ್ಷ್‌ನಲ್ಲೇ ಬರೆದು ವಾಪಸು ಅಂಚೆಗೆ ಹಾಕಿದರು. ಉತ್ತರ ಬಂತು, ಮತ್ತೆ ಇಂಗ್ಲಿಷಿನಲ್ಲಿ. ಈ ಸಲ ದಪ್ಪ ಅಕ್ಷರ, ಕೆಂಪು ಗೆರೆ.

ಕಾನೂನು ಏನು ಹೇಳುತ್ತದೆ ಎಂದು ನಮ್ಮವರು ಕೇಳಿದರು. ಸಿಸ್ಟರ್ ವಿವರಿಸಿದಳು. ವೆಲ್ಷ್‌ಗೆ ಅಲ್ಲಿ ಅಧಿಕೃತ ಸ್ಥಾನವಿದೆ. ಪುರಸಭೆ, ಆಸ್ಪತ್ರೆಯಂಥ ಸಾರ್ವಜನಿಕ ಕಚೇರಿಗಳು ಕೇಳಿದವರಿಗೆ ವೆಲ್ಷ್‌ನಲ್ಲಿ ಬರೆಯಬೇಕು. ಖಾಸಗಿ ಪಾರ್ಕಿಂಗ್ ಕಂಪನಿಗೆ ಆ ಕಟ್ಟುಪಾಡಿಲ್ಲ. ಹಾಗಿದ್ದರೆ ಹಟ ಯಾಕೆ ಎಂದು ಮಗಳು ಹಣೆ ಚಚ್ಚಿಕೊಂಡಳು. ಕಟ್ಟುಪಾಡು ಇದ್ದವರ ಹತ್ತಿರ ಕೇಳುವುದರಲ್ಲಿ ಏನಿದೆ, ಇಲ್ಲದವರ ಹತ್ತಿರವೇ ಕೇಳಬೇಕು ಎಂದು ಅಜ್ಜಿ ಇನ್ನೊಂದು ರೊಟ್ಟಿ ತೆಗೆದುಕೊಂಡರು. ಹುಟ್ಟಿದ ಊರಿನಲ್ಲಿ, ತಾನು ಸಾಯುವುದರೊಳಗೆ, ತನ್ನ ಕಾರಿನ ಬಗ್ಗೆ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ.

ನಮ್ಮವರಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗುವ ಜಾತಿಯೂ ನಮ್ಮದಲ್ಲ. ಎದುರಿಗೆ ಬೇರೆಯವರು ಬಂದು ಕೂತ ಕೂಡಲೇ ಮಾತು ಬದಲಾಯಿಸುವುದು ಕುಂದಾಪುರದವರ ಅಭ್ಯಾಸ. ಬೆಂಗಳೂರಿನವರು ಸಿಕ್ಕರೆ ಪುಸ್ತಕದ ಕನ್ನಡ, ಮಂಗಳೂರಿನವರು ಸಿಕ್ಕರೆ ತುಳು, ಗ್ಯಾರೇಜಿನ ಪಠಾಣನ ಹತ್ತಿರ ಉರ್ದು, ಸಿಸ್ಟರ್ ಬಂದರೆ ಇಂಗ್ಲಿಷ್. ನಮ್ಮ ಕುಂದಾಪುರದ ಮಾತು ಮನೆಯ ಪಂಚೆಯ ಹಾಗೆ, ಬಾಗಿಲು ಬಡಿದ ಸದ್ದಾದರೆ ಓಡಿಹೋಗಿ ಪ್ಯಾಂಟು ಹಾಕಿಕೊಳ್ಳುತ್ತೇವೆ. ಅದನ್ನು ಮರ್ಯಾದೆ ಅಂದುಕೊಂಡಿದ್ದೇವೆ. ಹಾಗಾಗಿ ಎದುರು ಮನೆಯವರು ಊಟಕ್ಕೆ ಬಂದ ದಿನವೆಲ್ಲ ನಮ್ಮ ಮೇಜಿನಲ್ಲಿ ಇಂಗ್ಲಿಷೇ ನಡೆಯುತ್ತಿತ್ತು. ಅತ್ತೆ ಬಡಿಸುತ್ತಿದ್ದರು, ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು.

ನಮ್ಮವರ ಕಣ್ಣಿಗೆ ಅಜ್ಜಿಯ ಕಾರು ಒಂದು ಕಂಟೇನರಿನ ಹಾಗೆ ಕಂಡಿತು. ಹೊತ್ತು ಮೀರಿ ನಿಂತಿದೆ, ಬಾಡಿಗೆ ಬಿದ್ದಿದೆ, ಮಾಫಿ ಮಾಡಿಸಬೇಕು. ಅಜ್ಜಿಗೆ ತಿಳಿಸದೆ ಸಿಸ್ಟರಿನ ಹತ್ತಿರ ಮಾತಾಡಿದರು. ಆಕೆಗೂ ತಾಯಿಯ ಹಟ ಸಾಕಾಗಿತ್ತು. ತಾಯಿ ವಯಸ್ಸಾದವರು, ಪರದೇಶದಲ್ಲಿದ್ದಾರೆ, ದಯಮಾಡಿ ಉದಾರ ಮನಸ್ಸಿನಿಂದ ಪರಿಗಣಿಸಬೇಕು ಎಂದು ನಮ್ಮವರು ತಮ್ಮ ಬಂದರಿನ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬರೆದರು. ಆಕೆ ತನ್ನ ಹೆಸರು ಹಾಕಿ ಕಳಿಸಿದಳು. ಉತ್ತರ ಬಂದೇ ಬಂತು. ಸೌಹಾರ್ದದ ದೃಷ್ಟಿಯಿಂದ ಶುಲ್ಕವನ್ನು ಪೂರ್ತಿ ರದ್ದು ಮಾಡಲಾಗಿದೆ. ನಮ್ಮವರಿಗೆ ಆ ವಾರವೆಲ್ಲ ಕಾಲು ನೆಲದ ಮೇಲಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮ್ಮಲ್ಲಿ ಊಟಕ್ಕೆ ಸೇರಿದರು. ನಮ್ಮವರು ಮನಾಮಾ ಪೇಟೆಗೆ ಹೋಗಿ ಹಲ್ವಾ ತಂದಿದ್ದರು. ಸಾರು ಮುಗಿಯುವವರೆಗೂ ತಡೆದುಕೊಂಡವರು ಆಮೇಲೆ ಎದ್ದು ನಿಂತು, ಕನ್ನಡ ಸಂಘದ ಸಭೆಯಲ್ಲಿ ವಂದನಾರ್ಪಣೆ ಮಾಡುವ ಗತ್ತಿನಲ್ಲಿ, ಇಂಗ್ಲಿಷಿನಲ್ಲಿ ಸುದ್ದಿ ಹೇಳಿದರು. ಫೋನು ತೆಗೆದು ಕಂಪನಿಯ ಉತ್ತರವನ್ನೂ ಓದಿದರು. ನಾನು ಚಪ್ಪಾಳೆ ತಟ್ಟಿದೆ. ಸಿಸ್ಟರ್ ತಟ್ಟೆ ನೋಡುತ್ತಾ ಕೂತಳು.

ಅಜ್ಜಿ ಚಮಚ ಕೆಳಗಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬಸ್ಸು ತಪ್ಪಿಸಿಕೊಂಡವರ ಹಾಗೆ ಕಂಡರು.

"ನೀವು ಅವರ ಹತ್ತಿರ ನನಗೋಸ್ಕರ ದಯೆ ಕೇಳಿದ್ದೀರಿ," ಎಂದರು. "ನಾನು ದಯೆ ಕೇಳಿರಲಿಲ್ಲ. ನಾಲ್ಕು ಸಾಲು ವೆಲ್ಷ್ ಬರೆಯುವುದಕ್ಕಿಂತ ಹಣ ಬಿಟ್ಟುಬಿಡುವುದೇ ಅವರಿಗೆ ಸುಲಭವಾಯಿತು. ಬಿಟ್ಟಿದ್ದನ್ನೂ ಇಂಗ್ಲಿಷಿನಲ್ಲೇ ಹೇಳಿದ್ದಾರೆ."

ನಮ್ಮವರು ಫೋನನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ಅಷ್ಟು ಹೊತ್ತೂ ಒಬ್ಬೊಬ್ಬರ ಮುಖ ನೋಡುತ್ತಿದ್ದ ಅತ್ತೆ ಮಗನ ಅಂಗಿ ಜಗ್ಗಿದರು.

"ಎಂತ ಆಯ್ತ್ ಮಾಣಿ?"

"ಎಂತ ಇಲ್ಲ ಅಮ್ಮ, ಕಡಿಗೆ ಹೇಳ್ತೆ," ಎಂದರು ನಮ್ಮವರು.

ಅತ್ತೆ ಏನು ಕೇಳಿದರು ಎಂದು ಅಜ್ಜಿ ನನ್ನನ್ನು ಕೇಳಿದರು. ಹೇಳಿದೆ. ಮಗ ಏನಂದ ಎಂದರು. ಅದನ್ನೂ ಹೇಳಿದೆ. ಹೇಳುವಾಗಲೇ ನನಗೆ ಹೊಳೆಯಿತು. ಊರಿನಿಂದ ಬಂದಂದಿನಿಂದ ಅತ್ತೆಗೆ ನಾವು ಕೊಡುತ್ತಿದ್ದ ಉತ್ತರ ಅದೊಂದೇ: ಏನಿಲ್ಲ, ಆಮೇಲೆ ಹೇಳುತ್ತೇವೆ.

"ಮೊದಲು ಅವರಿಗೆ ಹೇಳಿ," ಎಂದರು ಅಜ್ಜಿ ನಮ್ಮವರಿಗೆ. "ನನಗೇನೂ ಅವಸರವಿಲ್ಲ."

ನಮ್ಮವರು ಕೂತರು. ಶುರುವಿನಲ್ಲಿ ಮಾತೆಲ್ಲ ಗುಡ್‌ವಿಲ್, ಕ್ಯಾನ್ಸಲ್ ಎಂದು ತಡವರಿಸುತ್ತಿತ್ತು. ಹಾಡಿನ ಅಭ್ಯಾಸ ಮುಗಿದು ಹೆಂಗಸರು ಪಟ್ಟಾಂಗಕ್ಕೆ ಕೂತ ಜಾಗಕ್ಕೆ ಬಂದಾಗ ನಾಲಿಗೆ ಊರಿನ ದಾರಿ ಹಿಡಿಯಿತು. ಕೈ ಬೀಸಿದರು, ಕ್ಯಾಮೆರಾ ಕಣ್ಣು ಬಿಟ್ಟದ್ದನ್ನು ತಾವೇ ಕಣ್ಣು ಬಿಟ್ಟು ತೋರಿಸಿದರು. ಮದುವೆಯಾದ ಹೊಸತರಲ್ಲಿ ನಾನು ಕಂಡಿದ್ದ ಆ ತಮಾಷೆಯ ಮನುಷ್ಯ ಎಲ್ಲಿಗೆ ಹೋಗಿದ್ದರೋ, ಅವರ ಭಾಷೆಯ ಜೊತೆಗೆ ವಾಪಸು ಬಂದು ಕೂತ ಹಾಗಾಯಿತು. ನನಗೆ ಬಹಳ ಸಂತೋಷವಾಯಿತು. ಅತ್ತೆ ಬಾಯಿ ತೆರೆದು ಕೇಳಿದರು, ಪುರಸಭೆಗೆ ಬೇರೆ ಕಾನೂನು ಯಾಕೆ ಎಂದು ನಡುವೆ ಒಂದು ಪ್ರಶ್ನೆಯನ್ನೂ ಹಾಕಿದರು. ಎಲ್ಲ ಮುಗಿದ ಮೇಲೆ ಮಗನ ಕಡೆ ತಿರುಗಿದರು.

"ಅವ್ರ್ ಕೇಂಡದ್ದ್ ಕಾಗ್ದ ಅಲ್ದಾ?" ಎಂದರು. "ನೀ ದುಡ್ಡ್ ಬಿಡ್ಸ್ಕಂಡ್ ಬಂದದ್ದ್ ಎಂತಕ್ಕೆ?"

ಇದನ್ನು ಇಂಗ್ಲಿಷಿಗೆ ತಿರುಗಿಸಿ ಅಜ್ಜಿಗೆ ಹೇಳಿದ್ದು ನಾನೇ. ಅಜ್ಜಿ ನಕ್ಕ ನಗುವಿಗೆ ಹಲ್ವಾದ ತಟ್ಟೆ ಅಲುಗಾಡಿತು. ಸಿಸ್ಟರ್ ಕಣ್ಣು ಒರೆಸಿಕೊಂಡು ನಕ್ಕಳು. ಕೊನೆಗೆ ನಗು ಶುರುಮಾಡಿದವರು ನಮ್ಮವರು, ಆದರೆ ನಿಲ್ಲಿಸಲು ಎಲ್ಲರಿಗಿಂತ ಕಷ್ಟಪಟ್ಟವರೂ ಅವರೇ.

ಹಲ್ವಾ ಖಾಲಿಯಾಗುವ ಮೊದಲೇ ಹೊಸ ಇಮೇಲ್ ತಯಾರಾಯಿತು. ರದ್ದು ಮಾಡಿದ ಶುಲ್ಕವನ್ನು ದಯವಿಟ್ಟು ಮತ್ತೆ ಹಾಕಿ, ಆದರೆ ವೆಲ್ಷ್‌ನಲ್ಲಿ ಹಾಕಿ, ಕಟ್ಟುತ್ತೇನೆ ಎಂದು ಅಜ್ಜಿ ತಮ್ಮ ಮಾತಿನಲ್ಲೇ ಹೇಳುತ್ತಾ ಹೋದರು, ಮಗಳು ಬರೆದಳು. ಹೋದ ಡೆಮರೇಜನ್ನು ವಾಪಸು ಕರೆಯುವ ಕಾಗದವನ್ನು ನಮ್ಮವರು ಜೀವನದಲ್ಲಿ ಮೊದಲ ಸಲ ನೋಡಿದ್ದು. ಕೆಳಗೆ ಇಂಗ್ಲಿಷಿನಲ್ಲೂ ಎರಡು ಸಾಲು ಸೇರಿಸಿದರೆ ಅವರಿಗೆ ಅನುಕೂಲ ಎಂದು ಮೆಲ್ಲಗೆ ಶುರುಮಾಡಿದರು. ಅಜ್ಜಿ ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. ನಮ್ಮವರು ಕೈ ತೊಳೆಯಲು ಎದ್ದು ಹೋದರು.

ಅಲ್ಲಿಂದ ನಮ್ಮ ಮೇಜಿನ ಪದ್ಧತಿ ಬದಲಾಯಿತು. ಯಾರು ಬಂದಿದ್ದರೂ ಸುದ್ದಿ ಮೊದಲು ಅತ್ತೆಗೆ, ಆಮೇಲೆ ಉಳಿದವರಿಗೆ. ಇದರಿಂದ ಊಟ ತಡವಾಗುತ್ತಿತ್ತು ನಿಜ. ಕಂಟೇನರು, ಕಸ್ಟಮ್ಸು, ಟಯರ್ ಅಂಗಡಿಯ ಜಗಳ, ಎಲ್ಲದರ ಮೇಲೂ ಅತ್ತೆ ಅಭಿಪ್ರಾಯ ಕೊಡತೊಡಗಿದರು. ಅರ್ಧದಷ್ಟು ಅಭಿಪ್ರಾಯ ನನ್ನ ಅಡುಗೆಯ ಮೇಲೆ ಇರುತ್ತಿತ್ತು. ಅತ್ತೆಯ ಆ ಸ್ವಾತಂತ್ರ್ಯಕ್ಕೆ ನಾನೂ ಅಷ್ಟು ದಂಡ ತೆತ್ತೆ.

ಕಂಪನಿಯಿಂದ ಬಹಳ ದಿನ ಏನೂ ಬರಲಿಲ್ಲ. ಅಜ್ಜಿ ಹೊರಡುವ ದಿನ ಹತ್ತಿರವಾಗುತ್ತಿತ್ತು. ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಸಿಸ್ಟರ್ ಲ್ಯಾಬಿಗೆ ಓಡಿಬಂದು, ಬಂತು, ವೆಲ್ಷ್‌ನಲ್ಲೇ ಬಂತು ಎಂದಳು. ಅಲ್ಲಿ ಕೆಲಸಕ್ಕಿರುವ ಯಾರೋ ಪುಣ್ಯಾತ್ಮರು ಕೂತು ಬರೆದಿದ್ದರು. ಶುಲ್ಕ ರದ್ದಾಗಿದೆ, ಮತ್ತೆ ಹಾಕುವುದಿಲ್ಲ, ತಡವಾದದ್ದಕ್ಕೆ ಕ್ಷಮಿಸಿ. ಸುದ್ದಿ ಹಳೆಯದೇ.

ಸಂಜೆ ಅಜ್ಜಿ ಅದನ್ನು ಪ್ರಿಂಟ್ ಮಾಡಿಸಿಕೊಂಡು ನಮ್ಮ ಮನೆಗೆ ಬಂದರು. ಚರ್ಚಿಗೆ ಹೋಗುವ ಕೋಟು ಹಾಕಿಕೊಂಡಿದ್ದರು. ಅತ್ತೆ ಕಾವಲಿಯ ಉರಿ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತರು. ಅಜ್ಜಿ ಎದ್ದು ನಿಂತು ಓದಿದರು. ನಮಗೆ ಒಂದು ಶಬ್ದವೂ ತಿಳಿಯಲಿಲ್ಲ. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದತೊಡಗಿದರು. ಈ ಸಲ ಒಂದೊಂದೇ ಶಬ್ದ ಬಿಡಿಸಿ, ನಿಧಾನವಾಗಿ.

ಹೊಸ ಪದ್ಧತಿ ನೆನಪಾಗಿ ನಮ್ಮವರು ತಾಯಿಯ ಕಡೆ ಬಗ್ಗಿ, ಸಿಸ್ಟರಿನಿಂದ ಮೊದಲೇ ತಿಳಿದಿದ್ದ ಅದರ ಸಾರವನ್ನು ಹೇಳಲು ಹೊರಟರು. ಅತ್ತೆ ಅಜ್ಜಿಯ ಮುಖದಿಂದ ಕಣ್ಣು ತೆಗೆಯದೆ ಮಗನ ಕೈ ಹಿಡಿದು ನಿಲ್ಲಿಸಿದರು.

"ತಡಿ ಮಾಣಿ," ಎಂದರು. "ಅವ್ರ್ ಓದ್ಲಿ."