ಫ್ರೆಂಚ್ ಮನೆಯ ಕುರುಡು ಚಿಮ್ನಿ

ನಂಬದವರು ನಗಲಿ, ನನಗೇನೂ ಆಗಬೇಕಿಲ್ಲ. ಕಲಬುರಗಿ ಜಿಲ್ಲೆಯ ಕಮಲಾಪುರದ ಹೊರಗೆ ನನ್ನ ಅಕ್ಕನ ಗಂಡ ಕಟ್ಟಿಸಿದ ಮನೆಯಲ್ಲಿ ಆ ರಾತ್ರಿ ಮಲಗಿದ್ದವನು ನಾನು.

ನಮ್ಮ ಈ ಮಾವ ಒಮ್ಮೆ ಫ್ರಾನ್ಸ್‌ಗೆ ಟೂರ್ ಹೋಗಿ, ಅಲ್ಲಿಯ ಹಳ್ಳಿಮನೆಗಳ ಮುಂದೆ ಫೋಟೊ ಹೊಡೆಸಿಕೊಂಡು ಬಂದ. ಅಲ್ಲಿನ ರೈತರು ಮರದ ಚೌಕಟ್ಟು ನಿಲ್ಲಿಸಿ, ನಡುವೆ ಹುಲ್ಲು ಕಲಸಿದ ಮಣ್ಣು ಮೆತ್ತಿದವರು. ತಮ್ಮ ಹೊಲದ ಕಲ್ಲನ್ನೇ ಎತ್ತಿ ಗೋಡೆ ಕಟ್ಟಿದವರು. ನಮ್ಮ ಮಹಾಶಯ ಮಾಡಿದ್ದೇನು? ಪ್ಲಾಟಿನಲ್ಲಿದ್ದ ಹಳೆಯ ಮಣ್ಣಿನ ಮಾಳಿಗೆಮನೆ ಕೆಡವಿಸಿ, ಸಿಮೆಂಟ್ ಗೋಡೆಗೆ ಕಂದು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ. ಶಹಾಬಾದ್ ಕಲ್ಲು ಬಿದ್ದು ಹೊರಳಾಡುವ ಜಿಲ್ಲೆಯಲ್ಲಿ ಕಲ್ಲಿನ ಚಿತ್ರದ ಟೈಲ್ಸ್! ಥೂ.

ಹಾಲಿನಲ್ಲೊಂದು ಬೆಂಕಿಗೂಡು. ಅದರ ಚಿಮ್ನಿ ಬರೀ ಶೋಕಿಗೆ; ಛತ್ತಿನ ತನಕ ಹೋಗಿ ಅಲ್ಲೇ ಮುಗಿಯುತ್ತದೆ.

ಚಳಿಯ ರಾತ್ರಿ. ಮಾವ ಅದರಲ್ಲಿ ಇದ್ದಲಿ ಸುರಿದು ಹೊತ್ತಿಸಿದ. ಅಕ್ಕನಿಗೆ ಮೊದಲೇ ದಮ್ಮು. ಅವಳ ಹಾಸಿಗೆಯನ್ನು ಅದರ ಮುಂದೆಯೇ ಹಾಕಿಸಿದ.

"ಮಾವಾ, ಹೊಗಿ ಹೊರಗ ಹೋಗಾಕ ದಾರಿ ಎಲ್ಲಿ ಅದರೀ? ಕಿಡಕಿನಾದ್ರೂ ತೆಗೀರಿ."

"ಏ ತಮ್ಮಾ, ಇದ್ದಲಿಗೆ ಹೊಗಿ ಇರಂಗಿಲ್ಲ. ಕಲಬುರಗಿ ಖೂಬಾ ಪ್ಲಾಟಿನ ನಿಮ್ಮ ಓಣಿ ಬಿಟ್ಟು ಏನ್ ನೋಡೀದಿ ನೀ?"

ಕಿಟಕಿ ಬಿಗಿದು, ತಾನು ಮಾತ್ರ ಕೋಣೆಗೆ ಹೋಗಿ ಗೊರಕೆ ಹೊಡೆದ. ಅಂಥ ಜಾಣ. ಅವನ ನಿದ್ದೆ ಗಟ್ಟಿಯಾದ ಮೇಲೆ ಕಿಟಕಿ ತೆಗೆಯೋಣವೆಂದು ಅಕ್ಕನ ಪಕ್ಕದಲ್ಲೇ ಕುಳಿತ ನನಗೆ ಯಾವಾಗ ಜೊಂಪು ಹತ್ತಿತೋ...

ಎಚ್ಚರಾದಾಗ ತಲೆ ಸಿಡಿಯುತ್ತಿತ್ತು. ಕಾಲಲ್ಲಿ ಬಲವಿಲ್ಲ. "ಅಕ್ಕಾ..." ಎಂದೆ. ಅವಳ ಉಸಿರೂ ಕೇಳಿಸಲಿಲ್ಲ.

ಆಗ ಮೇಲೆ ಹೆಜ್ಜೆ... ಸರ್‌ರ್... ಎಂದು ಬಂಡೆ ಎಳೆದ ಸದ್ದು. ಹಳೆಯ ಮಾಳಿಗೆಮನೆಗಳಲ್ಲಿ ಹೊಗೆ ಹೋಗಲೆಂದು ಬೆಳಕಿಂಡಿಯ ಮೇಲಿನ ಕಲ್ಲು ಸರಿಸುತ್ತಾರಲ್ಲ, ಥೇಟ್ ಅದೇ.

"ಕಿಂಡಿ ತೆಗದೀನವ್ವಾ... ಏಳು..."

ಯಾರೋ ಮುದುಕಿಯ ದನಿ. ತಣ್ಣನೆಯ ಗಾಳಿ ನೆತ್ತಿಯ ಮೇಲೆ ಇಳಿಯಿತು. ಹಸಿ ಮಣ್ಣಿನ ವಾಸನೆ... ಅಕ್ಕ ಜೋರಾಗಿ ಕೆಮ್ಮಿದಳು. ತೆವಳಿಕೊಂಡು ಹೋಗಿ ಬಾಗಿಲು ತೆಗೆದು, ಅವಳನ್ನು ಹೊರಗೆಳೆದೆ.

ಬಾಗಿಲಲ್ಲಿ ನಿಂತು ಒಳಗೆ ಮೊಬೈಲ್ ಬೆಳಕು ಹಾಕಿ ನೋಡಿದೆ. ಛತ್ತಿನಲ್ಲಿ ಒಂದು ಬಿರುಕೂ ಇರಲಿಲ್ಲ. ಮೇಲೆ ಹತ್ತಲು ಮೆಟ್ಟಿಲನ್ನೇ ಕಟ್ಟಿಸಿಲ್ಲ.

ಬೆಳಿಗ್ಗೆ ಎಲ್ಲ ಹೇಳಿದರೆ ಮಾವ ಹಲ್ಲು ಕಿಸಿದ. "ಗಾಳಿ ಬಂತಿಲ್ಲೋ? ಫ್ರೆಂಚ್ ಚಿಮ್ನಿ ಅಂದ್ರ ಸುಮ್ನಲ್ಲಪಾ!"

ಈಗಲೂ ನೆಂಟರು ಬಂದರೆ ಇದ್ದಲಿ ಹೊತ್ತಿಸುತ್ತಾನೆ. ಅಕ್ಕನೂ ಅಲ್ಲೇ ಮಲಗುತ್ತಾಳೆ. ಬ್ಯಾಡಕ್ಕಾ ಎಂದು ಫೋನಿನಲ್ಲಿ ಗೋಗರೆದರೆ, "ಆಕಿ ಬರ್ತಾಳ ಬಿಡೋ" ಎಂದು ನಗುತ್ತಾಳೆ.

ಕಲಬುರಗಿಯಲ್ಲಿ ನನಗೆ ಆ ರಾತ್ರಿಗಳಲ್ಲಿ ನಿದ್ದೆ ಇಲ್ಲ. ಆ ಮುದುಕಿ ಯಾರೋ, ಅವಳ ಭಯವಿಲ್ಲ ನನಗೆ... ಒಂದು ರಾತ್ರಿ ಅವಳು ಬಾರದಿದ್ದರೆ?