ಎರಡು ಮನೆಗಳ ನಡುವಿನ ಮೆಟ್ಟಿಲು

ಹೊಸಕೋಟೆಯಲ್ಲಿ ನಮ್ಮ ಮಗುವನ್ನೂ ಮಹಡಿ ಮನೆಯವರ ಮಗುವನ್ನೂ ಒಬ್ಬರೇ ಆಯಾ ನೋಡಿಕೊಳ್ಳುತ್ತಿದ್ದರು. ಮಕ್ಕಳಿಬ್ಬರೂ ಒಂದು ವಾರ ನಮ್ಮಲ್ಲಿ, ಮರುವಾರ ಅವರಲ್ಲಿ. ಕರಾರುಪತ್ರ ಯಾರೂ ಮಾಡಿಸಿರಲಿಲ್ಲ. ವಾರ ಬದಲಾಗುವ ಸೋಮವಾರ ನಮ್ಮ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಆಕೆ ಜಾರಿಬಿದ್ದರು. ಎದೆಗವಚಿಕೊಂಡಿದ್ದರಿಂದ ಮಗುವಿಗೆ ಏನೂ ಆಗಲಿಲ್ಲ. ಆಕೆಯ ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಪೊಲೀಸ್ ಪೇದೆ, “ಯಾರ ಮನೆ ಕೆಲ್ಸದಲ್ಲಿದ್ದಾಗ ಬಿದ್ರು?” ಎಂದು ಕೇಳಿದರು.

“ಎತ್ಕೊಂಡಿದ್ದಿದ್ದು ನಿಮ್ ಮಗು ತಾನೆ ಸಾರ್?” ಎಂದರು ಮಹಡಿ ಮನೆಯವರು.

“ಬರ್ತಿದ್ದಿದ್ದು ನಿಮ್ಮನೆಗಲ್ವಾ?” ಎಂದೆ ನಾನು.

“ಜಗಳ ಬ್ಯಾಡ ಕಣ್ರಪ್ಪಾ, ನಮ್ಮನೇಲೇ ಬಿದ್ದೆ ಅಂತ ಬರ್ಕೊಳ್ಳಿ” ಎಂದರು ಆಕೆ, ಮಲಗಿದ್ದಲ್ಲಿಂದಲೇ.

ಹಾಗೆ ಬರೆದರೆ ಆಕೆ ಮುಂದೆ ಯಾರಿಂದಲೂ ಪರಿಹಾರ ಕೇಳಲಾರರೆಂದು ನನಗೆ ತಿಳಿದಿತ್ತು. ಪತ್ರಿಕೆಯಲ್ಲಿ ವರದಿಗಳ ತಪ್ಪು ತಿದ್ದುವುದೇ ನನ್ನ ಕೆಲಸ. ಆ ಹೇಳಿಕೆಗೆ ಸಾಕ್ಷಿಯಾಗಿ ಸಹಿ ಹಾಕಿದೆ.